ಬೆನಗಲ್ ನರಸಿಂಗ ರಾಯರು ಮತ್ತು ಅಮೆರಿಕದಿಂದ ಬಂದ ಸಲಹೆ

ಪ್ರತಿವರ್ಷ ನವೆಂಬರ್ 26ರಂದು ನಾವು ಸಂವಿಧಾನ ದಿನವನ್ನು ಆಚರಿಸುತ್ತೇವೆ. ಶಾಲೆ, ಕಚೇರಿಗಳಲ್ಲಿ ಪ್ರಸ್ತಾವನೆಯ ವಾಚನ ನಡೆಯುತ್ತದೆ, ಡಾ. ಅಂಬೇಡ್ಕರ್ ಅವರಿಗೆ ಗೌರವ ಸಲ್ಲುತ್ತದೆ. ಅದಾದ ನಾಲ್ಕನೆಯ ದಿನ, ನವೆಂಬರ್ 30, ಯಾರ ಗಮನಕ್ಕೂ ಬಾರದೆ ಕಳೆದುಹೋಗುತ್ತದೆ. 1953ರ ಆ ದಿನ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ ಮಂಗಳೂರಿನ ಬೆನಗಲ್ ನರಸಿಂಗ ರಾಯರು ಕೊನೆಯುಸಿರೆಳೆದರು. ಸಂವಿಧಾನ ಸಭೆಯ ಸಲಹೆಗಾರರಾಗಿ ಮೊದಲ ಕರಡನ್ನು ಸಿದ್ಧಪಡಿಸಿದವರು ಅವರು. ಕರಡು ಸಮಿತಿಯ ಕೆಲಸಕ್ಕೆ ಆ ಬರಹವೇ ಆಧಾರವಾಗಿತ್ತೆಂದೂ ಶ್ರೇಯಸ್ಸಿನ ಒಂದು ಪಾಲು ರಾಯರದೆಂದೂ ಸ್ವತಃ ಅಂಬೇಡ್ಕರ್ ಅವರು 1949ರ ನವೆಂಬರ್ 25ರ ಭಾಷಣದಲ್ಲಿ ಸ್ಮರಿಸಿದ್ದರು.

ನಿವೃತ್ತಿಯ ನಂತರ ನಾನು ಹುಟ್ಟೂರಾದ ಗುರುವಾಯನಕೆರೆಗೆ ಮರಳಿದ್ದೇನೆ. ರಾಯರ ಮಂಗಳೂರು ಇಲ್ಲಿಂದ ಎರಡು ಗಂಟೆಯ ಬಸ್ ಪ್ರಯಾಣ. ಆದರೂ ನಮ್ಮ ಭಾಗದ ವಿದ್ಯಾವಂತರಲ್ಲಿ ಅವರ ಹೆಸರು ಬಲ್ಲವರು ವಿರಳ. ಚುನಾವಣೆಗೆ ನಿಲ್ಲದ, ಸಾರ್ವಜನಿಕ ವೇದಿಕೆ ಏರದ, ಕಡತಗಳ ನಡುವೆಯೇ ಬದುಕಿದ ಅಧಿಕಾರಿಯನ್ನು ಜನ ನೆನಪಿಟ್ಟುಕೊಳ್ಳುವುದು ಕಷ್ಟವೇ. ಆದರೆ ರಾಯರು ಅಮೆರಿಕದಿಂದ ಹೊತ್ತು ತಂದ ಒಂದು ಸಲಹೆ ಈ ದೇಶದ ಪ್ರತಿಯೊಬ್ಬ ಪ್ರಜೆಯ ಬದುಕನ್ನೂ ತಟ್ಟಿತು. ಅದು ಸರಿಯಾಗಿತ್ತೇ ಎಂಬ ಪ್ರಶ್ನೆ ಇಂದಿಗೂ ಮುಗಿದಿಲ್ಲ.

ರಾಯರು ಹುಟ್ಟಿದ್ದು 1887ರ ಫೆಬ್ರುವರಿ 26ರಂದು. ತಂದೆ ರಾಘವೇಂದ್ರ ರಾಯರು ವೈದ್ಯರು. ಮಂಗಳೂರಿನ ಕೆನರಾ ಹೈಸ್ಕೂಲು, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು, ಬಳಿಕ ವಿದ್ಯಾರ್ಥಿವೇತನ ಪಡೆದು ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜು, ಹೀಗೆ ಅವರ ವಿದ್ಯಾಭ್ಯಾಸ ಸಾಗಿತು. ಗಣಿತದಲ್ಲಿ ಪಳಗಿದ ಆ ಬುದ್ಧಿ ಕಾನೂನಿನ ವಾಕ್ಯಗಳನ್ನೂ ಸಮೀಕರಣದಂತೆಯೇ ನೋಡುತ್ತಿತ್ತು ಎನ್ನಬಹುದು. 1909ರಲ್ಲಿ ಐಸಿಎಸ್ ಪರೀಕ್ಷೆ ತೇರ್ಗಡೆಯಾಗಿ ಬಂಗಾಳಕ್ಕೆ ನೇಮಕಗೊಂಡರು. ಬಂಗಾಳ, ಅಸ್ಸಾಂಗಳಲ್ಲಿ ದೀರ್ಘಕಾಲ ದುಡಿದ ಮೇಲೆ 1935ರ ಭಾರತ ಸರ್ಕಾರ ಕಾಯ್ದೆಗೆ ಹೊಂದುವಂತೆ ದೇಶದ ಶಾಸನಗಳನ್ನೆಲ್ಲ ಪರಿಷ್ಕರಿಸುವ ಹೊಣೆ ಅವರ ಹೆಗಲೇರಿತು. ಮುಂದೆ ಕಲ್ಕತ್ತ ಹೈಕೋರ್ಟಿನ ನ್ಯಾಯಾಧೀಶರಾದರು. 1941ರಲ್ಲಿ ರಚಿತವಾಗಿ 1944ರಲ್ಲಿ ಮತ್ತೆ ಜೀವ ಪಡೆದ ಹಿಂದೂ ಕಾನೂನು ಸಮಿತಿಗೂ ಅವರೇ ಅಧ್ಯಕ್ಷರು. ಹೆಣ್ಣುಮಕ್ಕಳಿಗೆ ಆಸ್ತಿಯಲ್ಲಿ ಹಕ್ಕು, ಏಕಪತ್ನಿತ್ವ, ವಿಚ್ಛೇದನದ ಅವಕಾಶ ಮುಂತಾದ ಸುಧಾರಣೆಗಳು 1955 ಮತ್ತು 1956ರಲ್ಲಿ ಕಾಯ್ದೆಗಳ ರೂಪ ತಾಳುವುದಕ್ಕೆ ಭೂಮಿಕೆ ಸಿದ್ಧವಾದದ್ದು ಅಲ್ಲಿ. ಅದನ್ನು ಕಾಣಲು ಅವರು ಬದುಕಿರಲಿಲ್ಲ. 1944ರಿಂದ ಸುಮಾರು ಒಂದೂವರೆ ವರ್ಷ ಜಮ್ಮು ಮತ್ತು ಕಾಶ್ಮೀರ ಸಂಸ್ಥಾನದ ಪ್ರಧಾನಮಂತ್ರಿಯಾಗಿದ್ದರು. 1946ರ ಜುಲೈಯಲ್ಲಿ ಸಂವಿಧಾನ ಸಭೆಯ ಸಲಹೆಗಾರರಾದರು.

ಇಡೀ ಮನೆತನವೇ ಸಾರ್ವಜನಿಕ ಸೇವೆಗೆ ಹೆಸರಾಗಿತ್ತು. ತಮ್ಮಂದಿರಲ್ಲಿ ಒಬ್ಬರಾದ ರಾಮರಾಯರು ಅಮೆರಿಕದಲ್ಲಿ ಭಾರತದ ರಾಯಭಾರಿಯಾಗಿದ್ದು, 1949ರಿಂದ 1957ರವರೆಗೆ ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದರು. ಪತ್ರಕರ್ತರಾದ ಇನ್ನೊಬ್ಬ ತಮ್ಮ ಶಿವರಾಯರು ಸಂವಿಧಾನ ಸಭೆಯ ಸದಸ್ಯರಾಗಿದ್ದು, ಮೊದಲ ಲೋಕಸಭೆಯಲ್ಲಿ ನಮ್ಮ ಜಿಲ್ಲೆಯನ್ನು ಪ್ರತಿನಿಧಿಸಿದರು. ಅಣ್ಣನ ಬರಹಗಳನ್ನು ಸಂಪಾದಿಸಿ ಉಳಿಸಿದವರೂ ಅವರೇ.

1947ರ ಅಕ್ಟೋಬರ್ ಹೊತ್ತಿಗೆ ರಾಯರ ಕರಡು ಸಿದ್ಧವಾಯಿತು. ಅದರಲ್ಲಿ 243 ವಿಧಿಗಳೂ 13 ಅನುಸೂಚಿಗಳೂ ಇದ್ದವು. ಅದರ ಬೆನ್ನಿಗೇ ಅವರು ಅಮೆರಿಕ, ಕೆನಡಾ, ಐರ್ಲೆಂಡ್ ಮತ್ತು ಬ್ರಿಟನ್‌ಗಳಿಗೆ ಹೊರಟರು. ಸಂವಿಧಾನಗಳು ಕಾಗದದ ಮೇಲೆ ಹೇಗಿವೆ ಎಂಬುದು ಅವರಿಗೆ ಗೊತ್ತಿತ್ತು. ಅವು ಬಳಕೆಯಲ್ಲಿ ಹೇಗೆ ನಡೆದಿವೆ ಎಂಬುದನ್ನು ಬಲ್ಲವರಿಂದಲೇ ಅರಿಯುವುದು ಪ್ರವಾಸದ ಉದ್ದೇಶ.

ಅಂದಿನ ಅಮೆರಿಕ ಎಂತಹುದು? ಯುದ್ಧದಿಂದ ಯೂರೋಪು, ಜಪಾನುಗಳು ಹಾಳುಬಿದ್ದಿದ್ದಾಗ ಜಗತ್ತಿನ ಕೈಗಾರಿಕಾ ಉತ್ಪನ್ನದ ಸುಮಾರು ಅರ್ಧಪಾಲು ಆ ಒಂದೇ ದೇಶದ್ದಾಗಿತ್ತು. ಯುದ್ಧ ಮುಗಿದರೆ ಮೂವತ್ತರ ದಶಕದ ಮಹಾಮುಗ್ಗಟ್ಟು ಮರುಕಳಿಸೀತು ಎಂದು ಅನೇಕ ಅರ್ಥಶಾಸ್ತ್ರಜ್ಞರು ಅಂಜಿದ್ದರು. ನಡೆದದ್ದು ಅದಕ್ಕೆ ತದ್ವಿರುದ್ಧ. ಯುದ್ಧಕಾಲದಲ್ಲಿ ಜನ ಕೂಡಿಟ್ಟ ಉಳಿತಾಯ ಕಾರು, ಮನೆ, ರೆಫ್ರಿಜರೇಟರುಗಳ ಬೇಡಿಕೆಯಾಗಿ ಹರಿಯಿತು. 1944ರ ಕಾಯ್ದೆಯೊಂದು ಮರಳಿದ ಸೈನಿಕರಿಗೆ ಸರ್ಕಾರಿ ವೆಚ್ಚದಲ್ಲಿ ಕಾಲೇಜು ಶಿಕ್ಷಣವನ್ನೂ ಸುಲಭದ ಗೃಹಸಾಲವನ್ನೂ ಕೊಟ್ಟಿತು. 1947ರಲ್ಲಿ ಅಲ್ಲಿನ ಕಾಲೇಜು ವಿದ್ಯಾರ್ಥಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಮಾಜಿ ಸೈನಿಕರು. ಅದೇ ವರ್ಷ ನ್ಯೂಯಾರ್ಕಿನ ಬಳಿಯ ಲಾಂಗ್ ಐಲ್ಯಾಂಡಿನಲ್ಲಿ ಲೆವಿಟೌನ್ ಎಂಬ ಬಡಾವಣೆಯ ನಿರ್ಮಾಣ ಆರಂಭವಾಯಿತು. ಒಂದೇ ಅಚ್ಚಿನ ಮನೆಗಳು ಕಾರ್ಖಾನೆಯ ಸರಕಿನಂತೆ ಎದ್ದು, ಕೆಲವೇ ವರ್ಷಗಳಲ್ಲಿ ಅವುಗಳ ಸಂಖ್ಯೆ 17,000 ದಾಟಿತು.

ಈ ಸಮೃದ್ಧಿಗೆ ಎರಡು ಕಪ್ಪು ಅಂಚುಗಳಿದ್ದವು. ಲೆವಿಟೌನಿನ ಕರಾರುಪತ್ರದಲ್ಲಿ ಬಿಳಿಯರಲ್ಲದವರು ಅಲ್ಲಿ ವಾಸಿಸಕೂಡದೆಂಬ ಷರತ್ತಿತ್ತು. ದೇಶಕ್ಕಾಗಿ ಹೋರಾಡಿ ಬಂದ ಕಪ್ಪು ಸೈನಿಕನಿಗೂ ಆ ಬಾಗಿಲು ತೆರೆಯಲಿಲ್ಲ. ಎರಡನೆಯದು ಭಯ. 1947ರ ಮಾರ್ಚಿನಲ್ಲಿ ಅಧ್ಯಕ್ಷ ಟ್ರೂಮನ್ ಸರ್ಕಾರಿ ನೌಕರರ ನಿಷ್ಠೆಯನ್ನು ತನಿಖೆ ಮಾಡುವ ಆದೇಶ ಹೊರಡಿಸಿದರು. ಅಕ್ಟೋಬರಿನಲ್ಲಿ ಸಂಸತ್ತಿನ ಸಮಿತಿಯೊಂದು ಹಾಲಿವುಡ್ಡಿನ ಲೇಖಕರನ್ನು ಕರೆಸಿ, ನೀವು ಕಮ್ಯುನಿಸ್ಟರೇ ಎಂದು ವಿಚಾರಣೆ ನಡೆಸಿತು. ಅದೇ ತಿಂಗಳ ಕೊನೆಯಲ್ಲಿ ಅಧ್ಯಕ್ಷರೇ ನೇಮಿಸಿದ ಮತ್ತೊಂದು ಸಮಿತಿ ವರ್ಣಭೇದವನ್ನು ಕೊನೆಗಾಣಿಸಬೇಕೆಂದು ವರದಿ ಕೊಟ್ಟಿತು. ಹೀಗೆ ಒಂದು ಕೈಯಲ್ಲಿ ಸ್ವಾತಂತ್ರ್ಯವನ್ನು ಹಿಗ್ಗಿಸುತ್ತ ಇನ್ನೊಂದು ಕೈಯಲ್ಲಿ ಕುಗ್ಗಿಸುತ್ತಿದ್ದ ದೇಶಕ್ಕೆ ರಾಯರು ಕಾಲಿಟ್ಟರು.

ಅಲ್ಲಿ ಅವರು ಭೇಟಿಯಾದವರಲ್ಲಿ ಮುಖ್ಯರು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೀಲಿಕ್ಸ್ ಫ್ರಾಂಕ್‌ಫರ್ಟರ್. ಚರ್ಚೆಗೆ ಬಂದ ವಿಷಯ ಡ್ಯೂ ಪ್ರೊಸೆಸ್ ಎಂಬ ಎರಡು ಪದಗಳು. ನ್ಯಾಯಯುತವಾದ ಕಾನೂನು ಪ್ರಕ್ರಿಯೆಯಿಲ್ಲದೆ ಯಾರ ಪ್ರಾಣ, ಸ್ವಾತಂತ್ರ್ಯ, ಆಸ್ತಿಗಳನ್ನೂ ಕಸಿಯಕೂಡದೆಂಬುದು ಅಮೆರಿಕದ ಸಂವಿಧಾನದ ಕಟ್ಟಳೆ. ಮೇಲ್ನೋಟಕ್ಕೆ ಇದರಲ್ಲಿ ಆಕ್ಷೇಪಕ್ಕೆ ಎಡೆಯಿಲ್ಲ. ಆದರೆ ಇದೇ ಪದಗಳನ್ನು ಹಿಡಿದು 1905ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಬೇಕರಿ ಕಾರ್ಮಿಕರ ದುಡಿಮೆಯನ್ನು ದಿನಕ್ಕೆ ಹತ್ತು ಗಂಟೆಗೆ ಮಿತಿಗೊಳಿಸಿದ ಕಾನೂನನ್ನು ತಳ್ಳಿಹಾಕಿತ್ತು. ಎಷ್ಟು ಹೊತ್ತಾದರೂ ದುಡಿಯುವೆನೆಂದು ಒಪ್ಪಂದ ಮಾಡಿಕೊಳ್ಳುವುದು ಕಾರ್ಮಿಕನ ಸ್ವಾತಂತ್ರ್ಯವೆಂಬುದು ಅದರ ತರ್ಕ. ಮೊದಲ ಮಹಾಯುದ್ಧದ ನಂತರದ ಸಮೃದ್ಧಿಯ ದಶಕದಲ್ಲಿ, 1923ರಲ್ಲಿ, ಮಹಿಳೆಯರ ಕನಿಷ್ಠ ವೇತನದ ಕಾನೂನಿಗೂ ಅದೇ ಗತಿಯಾಯಿತು. ಆ ಮೊಕದ್ದಮೆಯಲ್ಲಿ ಕಾನೂನಿನ ಪರವಾಗಿ ವಾದಿಸಿ ಸೋತ ವಕೀಲರು ಇದೇ ಫ್ರಾಂಕ್‌ಫರ್ಟರ್. ಆ ತೀರ್ಪು ರದ್ದಾಗಲು 1937ರವರೆಗೆ ಕಾಯಬೇಕಾಯಿತು. ಆದ್ದರಿಂದ ಅವರು ರಾಯರಿಗೆ ಕೊಟ್ಟ ಸಲಹೆ ಗ್ರಂಥಜ್ಞಾನದಿಂದಷ್ಟೇ ಬಂದದ್ದಲ್ಲ, ಪೆಟ್ಟುತಿಂದ ಅನುಭವದಿಂದ ಬಂದದ್ದು. ಜನರು ಚುನಾಯಿಸಿದ ಶಾಸನಸಭೆಯ ನಿರ್ಧಾರವನ್ನು ಕೆಲವೇ ನ್ಯಾಯಾಧೀಶರು ತಡೆಯುವಂತಾಗುವುದು ಪ್ರಜಾಸತ್ತೆಗೆ ಒಪ್ಪುವುದಿಲ್ಲ, ನ್ಯಾಯಾಂಗದ ಮೇಲೂ ಅದು ಅನುಚಿತ ಹೊರೆ ಎಂಬುದು ಅದರ ಸಾರ.

ರಾಯರ ಮನಸ್ಸಿನಲ್ಲಿ ಆ ಅಳುಕು ಮೊದಲೇ ಇತ್ತು. ಹೊಸ ಭಾರತ ಜಮೀನ್ದಾರಿಯನ್ನು ತೆಗೆಯಬೇಕಿತ್ತು, ಗೇಣಿಯನ್ನು ನಿಯಂತ್ರಿಸಬೇಕಿತ್ತು, ದುಡಿಯುವವರಿಗೆ ರಕ್ಷಣೆ ಕೊಡಬೇಕಿತ್ತು. ಆಸ್ತಿ ಎಂಬ ಪದವನ್ನು ಸಭೆ ಈ ವಿಧಿಯಿಂದ ಆಗಲೇ ಕೈಬಿಟ್ಟಿತ್ತು. ಆದರೆ ಸ್ವಾತಂತ್ರ್ಯ ಎಂಬ ಪದದ ಹಿಂಬಾಗಿಲಿನಿಂದ ಅಮೆರಿಕದ ಅನುಭವ ಇಲ್ಲಿಯೂ ನುಗ್ಗಬಹುದಲ್ಲವೇ? ರಾಯರು ತಮ್ಮ ಅಭಿಪ್ರಾಯವನ್ನು ದೆಹಲಿಗೆ ತಿಳಿಸಿದರು. 1948ರ ಫೆಬ್ರುವರಿಯ ಕರಡಿನಲ್ಲಿ ಡ್ಯೂ ಪ್ರೊಸೆಸ್ ಇರಲಿಲ್ಲ. ಅದರ ಬದಲಿಗೆ ಕಾನೂನಿನಿಂದ ಸ್ಥಾಪಿತವಾದ ಕಾರ್ಯವಿಧಾನ ಎಂಬ ಪದಗಳು ಬಂದವು. ಅವಕ್ಕೆ ಮಾದರಿ ಜಪಾನಿನ 1946ರ ಸಂವಿಧಾನದ 31ನೇ ವಿಧಿ. ವಿಪರ್ಯಾಸವೆಂದರೆ ಜಪಾನಿನ ಆ ಸಂವಿಧಾನದ ಕರಡನ್ನು ರಚಿಸಿದವರು ಆಕ್ರಮಿತ ಟೋಕಿಯೋದಲ್ಲಿದ್ದ ಅಮೆರಿಕದ ಅಧಿಕಾರಿಗಳು. ಪದಗಳ ಬದಲಾವಣೆ ಚಿಕ್ಕದು, ಪರಿಣಾಮ ದೊಡ್ಡದು. ಶಾಸನಸಭೆ ಒಂದು ವಿಧಾನವನ್ನು ಗೊತ್ತುಮಾಡಿ ಅದರಂತೆ ಬಂಧಿಸಿದರೆ ಸಾಕು, ಆ ವಿಧಾನ ನ್ಯಾಯವಾದದ್ದೇ ಎಂದು ಕೇಳಲು ಕೋರ್ಟಿಗೆ ಅವಕಾಶ ಕಾಣಲಿಲ್ಲ. ಸಭೆಯಲ್ಲಿ ಹಲವು ಸದಸ್ಯರು ಇದನ್ನು ತೀವ್ರವಾಗಿ ವಿರೋಧಿಸಿದರು. ಆ ಕೊರತೆಯನ್ನು ಸ್ವಲ್ಪಮಟ್ಟಿಗಾದರೂ ತುಂಬಲೆಂದೇ ಅಂಬೇಡ್ಕರ್ ಅವರು ಬಂಧಿತರ ಹಕ್ಕುಗಳ ಕುರಿತ ವಿಧಿಯನ್ನು 1949ರಲ್ಲಿ ಸೇರಿಸಬೇಕಾಯಿತು. ಅದೇ ಇಂದಿನ 22ನೇ ವಿಧಿ.

1949ರಲ್ಲಿ ರಾಯರು ವಿಶ್ವಸಂಸ್ಥೆಯಲ್ಲಿ ಭಾರತದ ಕಾಯಂ ಪ್ರತಿನಿಧಿಯಾಗಿ ನ್ಯೂಯಾರ್ಕಿಗೆ ತೆರಳಿದರು. ವಿಶ್ವಸಂಸ್ಥೆ ಆಗ ಮ್ಯಾನ್‌ಹಟನ್ನಿನ ಗಾಜಿನ ಕಟ್ಟಡಕ್ಕೆ ಇನ್ನೂ ಬಂದಿರಲಿಲ್ಲ. ಭದ್ರತಾ ಮಂಡಳಿ ಲಾಂಗ್ ಐಲ್ಯಾಂಡಿನ ಲೇಕ್ ಸಕ್ಸೆಸ್ ಎಂಬಲ್ಲಿ, ಯುದ್ಧೋಪಕರಣ ತಯಾರಿಸುತ್ತಿದ್ದ ಕಾರ್ಖಾನೆಯೊಂದರ ಕಟ್ಟಡದಲ್ಲಿ ಸೇರುತ್ತಿತ್ತು. ಲೆವಿಟೌನ್ ಇದ್ದದ್ದು ಅದೇ ಕೌಂಟಿಯಲ್ಲಿ. ಜನಾಂಗಗಳ ಸಮಾನತೆಯ ಘೋಷಣೆಗೂ ಜನಾಂಗಗಳನ್ನು ಬೇರ್ಪಡಿಸುವ ಕರಾರಿಗೂ ನಡುವೆ ಕೆಲವೇ ಮೈಲಿಗಳ ಅಂತರ.

1950ರ ಫೆಬ್ರುವರಿ 9ರಂದು ಸೆನೆಟರ್ ಜೋಸೆಫ್ ಮೆಕಾರ್ಥಿ, ವಿದೇಶಾಂಗ ಇಲಾಖೆಯಲ್ಲಿ ಕಮ್ಯುನಿಸ್ಟರು ತುಂಬಿದ್ದಾರೆಂದು ಆರೋಪಿಸಿದರು. ಪುರಾವೆ ಕೊಡಲಿಲ್ಲ, ಕೊಡಬೇಕಾಗಿಯೂ ಬರಲಿಲ್ಲ. ಆರೋಪವೇ ಶಿಕ್ಷೆಯಾಗುವ ಕಾಲವದು. ಆ ವರ್ಷ ಹತ್ತು ಮನೆಗಳಲ್ಲಿ ಒಂದರಲ್ಲಿಯೂ ಇಲ್ಲದ ಟೆಲಿವಿಷನ್ 1955ರ ಹೊತ್ತಿಗೆ ಮೂರರಲ್ಲಿ ಎರಡು ಮನೆಗಳನ್ನು ತಲುಪಿತ್ತು. ಹೊಸ ಸೋಫಾದಲ್ಲಿ ಕುಳಿತ ಮಧ್ಯಮವರ್ಗ ಹೊಸ ಪೆಟ್ಟಿಗೆಯಲ್ಲಿ ಹಳೆಯ ಭಯವನ್ನೇ ನೋಡುತ್ತಿತ್ತು.

ಇಂತಹ ವಾತಾವರಣದಲ್ಲಿ 1950ರ ಜೂನ್ 25ರ ಭಾನುವಾರ ಉತ್ತರ ಕೊರಿಯಾದ ಸೇನೆ ದಕ್ಷಿಣಕ್ಕೆ ನುಗ್ಗಿತು. ಆ ತಿಂಗಳು ಭದ್ರತಾ ಮಂಡಳಿಯ ಅಧ್ಯಕ್ಷ ಪೀಠ ಸರದಿಯ ಪ್ರಕಾರ ಭಾರತದ್ದು, ಅದರಲ್ಲಿ ಕುಳಿತಿದ್ದವರು ಮಂಗಳೂರಿನ ರಾಯರು. ಚೀನಾದ ಪ್ರಾತಿನಿಧ್ಯದ ವಿವಾದದಿಂದಾಗಿ ಸೋವಿಯತ್ ಪ್ರತಿನಿಧಿ ಜನವರಿಯಿಂದಲೂ ಗೈರುಹಾಜರಾಗಿದ್ದರು. ಆಕ್ರಮಣ ನಿಲ್ಲಬೇಕೆಂಬ ಮೊದಲ ನಿರ್ಣಯವನ್ನು ಭಾರತ ಬೆಂಬಲಿಸಿತು. ಎರಡು ದಿನಗಳ ನಂತರ ಸೈನಿಕ ನೆರವಿನ ನಿರ್ಣಯ ಬಂದಾಗ ದೆಹಲಿಯ ಆದೇಶ ತಲುಪದ ಕಾರಣ ರಾಯರು ಮತದಾನದಲ್ಲಿ ಪಾಲ್ಗೊಳ್ಳಲಿಲ್ಲ. ಅಧ್ಯಕ್ಷ ಪೀಠದಲ್ಲಿದ್ದು, ಇಡೀ ಅಮೆರಿಕ ಕಾದು ನೋಡುತ್ತಿರುವಾಗ, ಅಧಿಕಾರವಿಲ್ಲದ ಮಾತನ್ನು ಆಡೆನೆಂದು ಸುಮ್ಮನಿರುವುದಕ್ಕೆ ಎಂತಹ ಸಂಯಮ ಬೇಕೆಂಬುದು ಸರ್ಕಾರಿ ಸೇವೆಯಲ್ಲಿದ್ದವರಿಗೆ ಅರ್ಥವಾದೀತು. ಭಾರತ ಆ ನಿರ್ಣಯವನ್ನು ಬಳಿಕ ಒಪ್ಪಿಕೊಂಡಿತು, ಆದರೆ ಸೈನ್ಯ ಕಳುಹಿಸಲಿಲ್ಲ, ವೈದ್ಯಕೀಯ ಘಟಕವೊಂದನ್ನು ಕಳುಹಿಸಿತು. ಡಿಸೆಂಬರಿನಲ್ಲಿ ಕದನವಿರಾಮಕ್ಕಾಗಿ ಮೂವರ ತಂಡ ರಚನೆಯಾದಾಗ ಇರಾನಿನ ಎಂತೆಜಾಮ್, ಕೆನಡಾದ ಪಿಯರ್ಸನ್ ಅವರೊಡನೆ ರಾಯರೂ ಇದ್ದರು. ಪ್ರಯತ್ನ ಫಲಿಸಲಿಲ್ಲ. 1951ರ ಫೆಬ್ರುವರಿ 1ರಂದು ಚೀನಾವನ್ನು ಆಕ್ರಮಣಕಾರಿ ಎಂದು ಘೋಷಿಸುವ ನಿರ್ಣಯ ಬಂದಾಗ ಭಾರತ ಅದರ ವಿರುದ್ಧ ಮತ ಹಾಕಿತು. ಸೋವಿಯತ್ ಬಣದ ಹೊರಗೆ ಹಾಗೆ ಮಾಡಿದ ಇನ್ನೊಂದು ದೇಶ ಬರ್ಮಾ ಮಾತ್ರ.

ಇದಕ್ಕೆ ಬೆಲೆ ತೆರಬೇಕಾಯಿತು. ಬರದಿಂದ ಕಂಗೆಟ್ಟಿದ್ದ ಭಾರತ 20 ಲಕ್ಷ ಟನ್ ಧಾನ್ಯವನ್ನು ಅಮೆರಿಕದಿಂದ ಕೋರಿತ್ತು. ಅಲ್ಲಿ ಧಾನ್ಯಕ್ಕೆ ಕೊರತೆಯಿರಲಿಲ್ಲ. ಆದರೆ ನಮ್ಮ ಮತದಾನದಿಂದ ಕೆರಳಿದ ಸಂಸದರು ಮಸೂದೆಯನ್ನು ತಿಂಗಳುಗಟ್ಟಲೆ ಎಳೆದರು. ಕೊನೆಗೆ 1951ರ ಜೂನಿನಲ್ಲಿ 19 ಕೋಟಿ ಡಾಲರುಗಳ ಸಾಲದ ರೂಪದಲ್ಲಿ ನೆರವು ಬಂತು. ಸಮೃದ್ಧಿ ತಾನಾಗಿ ಔದಾರ್ಯವಾಗುವುದಿಲ್ಲ, ಭಯ ಹೊಕ್ಕ ಮನೆಯಲ್ಲಿ ಕಣಜ ತುಂಬಿದ್ದರೂ ಕೈ ಬಿಗಿಯಾಗುತ್ತದೆ.

ಈಗ ಫ್ರಾಂಕ್‌ಫರ್ಟರ್ ಅವರ ಸಲಹೆಗೆ ಮರಳೋಣ. ರಾಯರು ನ್ಯೂಯಾರ್ಕಿನಲ್ಲಿದ್ದಾಗಲೇ ಎರಡೂ ದೇಶಗಳಲ್ಲಿ ಅದರ ಪರೀಕ್ಷೆ ನಡೆಯಿತು. 1950ರ ಮೇ 19ರಂದು, ಕೊರಿಯಾ ಯುದ್ಧಕ್ಕೆ ಐದು ವಾರ ಮೊದಲು, ದೆಹಲಿಯ ಸುಪ್ರೀಂ ಕೋರ್ಟು ಎ.ಕೆ. ಗೋಪಾಲನ್ ಮೊಕದ್ದಮೆಯಲ್ಲಿ ತೀರ್ಪಿತ್ತಿತು. ನಮ್ಮ ನೆರೆಯ ಕಣ್ಣೂರು ಸೀಮೆಯ ಈ ಕಮ್ಯುನಿಸ್ಟ್ ನಾಯಕರನ್ನು ಮುಂಜಾಗ್ರತಾ ಬಂಧನ ಕಾಯ್ದೆಯಡಿ ಸೆರೆಯಲ್ಲಿಡಲಾಗಿತ್ತು. ಡ್ಯೂ ಪ್ರೊಸೆಸ್ ಎಂಬ ಪದಗಳನ್ನು ಸಂವಿಧಾನಕಾರರು ಉದ್ದೇಶಪೂರ್ವಕವಾಗಿಯೇ ಬಿಟ್ಟಿದ್ದಾರೆಂಬುದನ್ನು ಗಮನಿಸಿ ಬಹುಮತದ ತೀರ್ಪು ಬಂಧನವನ್ನು ಎತ್ತಿಹಿಡಿಯಿತು. ನ್ಯಾಯಮೂರ್ತಿ ಫಜಲ್ ಅಲಿ ಭಿನ್ನಮತ ಬರೆದರು. ಮರುವರ್ಷ ಅಮೆರಿಕದಲ್ಲಿ, ಅನಾಮಧೇಯ ದೂರುಗಳ ಮೇಲೆ ಕೆಲಸ ಕಳೆದುಕೊಂಡ ಸರ್ಕಾರಿ ನೌಕರಳೊಬ್ಬಳ ಮೊಕದ್ದಮೆ ಬಂತು. ದೂರು ಕೊಟ್ಟವರು ಯಾರೆಂದು ಆಕೆಗೆ ಕೊನೆಯವರೆಗೂ ತಿಳಿಸಲಿಲ್ಲ. ಅಲ್ಲಿನ ಸುಪ್ರೀಂ ಕೋರ್ಟು ನಾಲ್ಕಕ್ಕೆ ನಾಲ್ಕು ಎಂದು ಸಮವಾಗಿ ಒಡೆದು, ಕೆಳಗಿನ ಕೋರ್ಟಿನ ತೀರ್ಪು ಉಳಿದು, ಆಕೆ ಸೋತಳು. 1951ರ ಜೂನಿನಲ್ಲಿ ಕಮ್ಯುನಿಸ್ಟ್ ಪಕ್ಷದ ನಾಯಕರ ಶಿಕ್ಷೆಯನ್ನು ಕೋರ್ಟು ಎತ್ತಿಹಿಡಿದಾಗ ಫ್ರಾಂಕ್‌ಫರ್ಟರ್ ಕೂಡ ಸಮ್ಮತಿಸಿದರು. ಶಾಸನಸಭೆಯ ವಿವೇಚನೆಗೆ ಕೋರ್ಟು ತಲೆಬಾಗಬೇಕೆಂಬ, ರಾಯರಿಗೆ ಹೇಳಿದ ಅದೇ ತತ್ತ್ವ.

ಅಂದರೆ ಆ ಪದಗಳಿಲ್ಲದ ಭಾರತದಲ್ಲೂ ಆ ಪದಗಳಿದ್ದ ಅಮೆರಿಕದಲ್ಲೂ, ಸರ್ಕಾರ ಹೆದರಿದ ಗಳಿಗೆಯಲ್ಲಿ, ಒಂಟಿ ಮನುಷ್ಯ ಸೋತ.

ರಾಯರು 1952ರ ಫೆಬ್ರುವರಿಯಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು. ಎರಡು ವರ್ಷ ತುಂಬುವುದರೊಳಗೆ ಅನಾರೋಗ್ಯ ಅವರನ್ನು ಒಯ್ದಿತು. ಮೆಕಾರ್ಥಿಯನ್ನು ಸೆನೆಟ್ ಖಂಡಿಸಿದ್ದನ್ನಾಗಲಿ, ಶಾಲೆಗಳಲ್ಲಿ ವರ್ಣಭೇದ ಸಲ್ಲದೆಂದು ಅಮೆರಿಕದ ಕೋರ್ಟು 1954ರಲ್ಲಿ ಸಾರಿದ್ದನ್ನಾಗಲಿ ಅವರು ಕಾಣಲಿಲ್ಲ. ತಮ್ಮ ಪದಗಳ ಮುಂದಿನ ಪಯಣವನ್ನೂ ಕಾಣಲಿಲ್ಲ. ತುರ್ತುಪರಿಸ್ಥಿತಿಯಲ್ಲಿ, 1976ರ ಏಪ್ರಿಲ್ 28ರಂದು, ಬಂಧಿತರು ಕೋರ್ಟಿಗೆ ಬರುವಂತಿಲ್ಲವೆಂದು ನಮ್ಮ ಸುಪ್ರೀಂ ಕೋರ್ಟು ಹೇಳಿತು, ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಅದಕ್ಕೆ ನೇರ ಕಾರಣ ರಾಯರ ಪದಗಳಲ್ಲ, ಹಕ್ಕುಗಳ ಜಾರಿಯನ್ನು ಅಮಾನತಿನಲ್ಲಿಟ್ಟ ಆದೇಶ ಎಂಬುದನ್ನೂ ಹೇಳಬೇಕು. 1978ರ ಜನವರಿ 25ರಂದು ಮೇನಕಾ ಗಾಂಧಿ ಮೊಕದ್ದಮೆಯಲ್ಲಿ ಕೋರ್ಟು ದಿಕ್ಕು ಬದಲಿಸಿತು. ಕಾರ್ಯವಿಧಾನವೆಂದರೆ ನ್ಯಾಯಯುತವಾದ, ಸಮಂಜಸವಾದ ಕಾರ್ಯವಿಧಾನವೇ ಆಗಿರಬೇಕೆಂದು 21ನೇ ವಿಧಿಯನ್ನು ಓದಿತು. ಮುಂಬಾಗಿಲಿನಿಂದ ಕಳುಹಿಸಿದ್ದ ಅತಿಥಿ 28 ವರ್ಷಗಳ ನಂತರ ಮನೆಯೊಳಗೆ ಬಂದಂತಾಯಿತು. ನಮ್ಮ ರಾಜ್ಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅರ್ಜಿದಾರರಾಗಿದ್ದ 2017ರ ಖಾಸಗಿತನದ ತೀರ್ಪು ನಿಂತಿರುವುದು ಆ ಅಡಿಪಾಯದ ಮೇಲೆ. 1976ರ ತೀರ್ಪನ್ನು ಸ್ಪಷ್ಟವಾಗಿ ತಳ್ಳಿಹಾಕಿದ್ದೂ ಅದೇ.

ಹಾಗಾದರೆ ರಾಯರು ತಪ್ಪಿದರೇ? ಅಷ್ಟು ಸುಲಭವಾಗಿ ಹೇಳಲಾರೆ. 1974ರ ಮಾರ್ಚ್ 1ರಂದು ತಿದ್ದುಪಡಿಯಾದ ಭೂಸುಧಾರಣಾ ಕಾಯ್ದೆ ಜಾರಿಗೆ ಬಂದಾಗ ನಾನು ಹೈಸ್ಕೂಲು ವಿದ್ಯಾರ್ಥಿ. ನಮ್ಮದು ಚಾಲಗೇಣಿಯ ಒಕ್ಕಲು. ವರ್ಷಕ್ಕಿಷ್ಟು ಮುಡಿ ಅಕ್ಕಿಯನ್ನು ಧಣಿಗಳ ಮನೆಗೆ ಅಳೆಯಬೇಕಿತ್ತು, ಏಳು ಎಂದರೆ ಏಳಬೇಕಿತ್ತು. ನಮ್ಮ ಕಡೆ ಡಿಕ್ಲರೇಶನ್ ಎಂದೇ ಕರೆಯುತ್ತಿದ್ದ ನಮೂನೆ 7ನ್ನು ತಂದೆಯವರಿಗಾಗಿ ತುಂಬಿಸಿದವನು ನಾನೇ. ಭೂನ್ಯಾಯಮಂಡಳಿಯಲ್ಲಿ ವಕೀಲರಿಗೆ ಆಗ ಅವಕಾಶವಿರಲಿಲ್ಲ. ತಂದೆ ತುಳುವಿನಲ್ಲಿಯೇ ತಮ್ಮ ಗದ್ದೆಯ ಗಡಿಗಳನ್ನು ವಿವರಿಸಿದರು, ಧಣಿಗಳ ಕಡೆಯವರೂ ತಮ್ಮ ಮಾತು ಹೇಳಿದರು. ಗದ್ದೆ ನಮ್ಮದಾಯಿತು. ಆಸ್ತಿವಂತರು ಡ್ಯೂ ಪ್ರೊಸೆಸ್ ಹಿಡಿದು ದಶಕಗಳ ಕಾಲ ಕಾನೂನನ್ನು ತಡೆಯಬಹುದಾಗಿದ್ದರೆ ನಾನು ಎಂ.ಎ. ಓದುತ್ತಿರಲಿಲ್ಲ. ಭೂಸುಧಾರಣೆಗೆ ನೇರ ಆಸರೆಯಾದದ್ದು 1951ರ ಮೊದಲ ತಿದ್ದುಪಡಿ ಎಂಬುದು ನಿಜ. ಆದರೂ ರಾಯರ ಆತಂಕದ ಹಿಂದೆ ನಮ್ಮಂತಹ ಮನೆಗಳಿದ್ದವು.

ಮುಂದೆ ಅಧಿಕಾರಿಯಾಗಿ ಒಂದು ಉಪವಿಭಾಗದಲ್ಲಿದ್ದಾಗ, ಚುನಾವಣೆಗೆ ಮುನ್ನ ಮುಂಜಾಗ್ರತಾ ಕ್ರಮದ ಕಾಗದಗಳ ಕಟ್ಟು ನನ್ನ ಮೇಜಿಗೆ ಬಂತು. ಎಲ್ಲವೂ ಕ್ರಮಬದ್ಧವಾಗಿತ್ತು. ಓದದೆಯೇ ಸಹಿ ಹಾಕಿದೆ. ವಾರದ ಬಳಿಕ ಕೂಲಿಕಾರನೊಬ್ಬ ಕೆಲಸ ಬಿಟ್ಟು ಬಂದು, ತಾನು ಮಾಡಿದ ತಪ್ಪೇನೆಂದು ಕೇಳಿದ. ಕಡತ ತೆರೆದು ನೋಡಿದೆ. ಅದರಲ್ಲಿ ಅವನ ಹೆಸರಿತ್ತು, ತಪ್ಪಿರಲಿಲ್ಲ. ಕಾನೂನಿನಿಂದ ಸ್ಥಾಪಿತವಾದ ಕಾರ್ಯವಿಧಾನವನ್ನು ನಾನು ಚಾಚೂತಪ್ಪದೆ ಪಾಲಿಸಿದ್ದೆ.

ನ್ಯಾಯಮಂಡಳಿಯಲ್ಲಿ ತಂದೆಗೆ ಸಿಕ್ಕಿದ ಹತ್ತು ನಿಮಿಷ ಆ ಕೂಲಿಕಾರನಿಗೆ ನನ್ನ ಕಚೇರಿಯಲ್ಲಿ ಸಿಕ್ಕಿರಲಿಲ್ಲ. ಹೊಲವನ್ನು ಹಂಚುವಾಗ ಸರ್ಕಾರದ ಕೈ ಬಲವಾಗಿರಬೇಕೆಂದ ರಾಯರ ಲೆಕ್ಕ ಸರಿಯಾಗಿತ್ತು. ಮನುಷ್ಯನನ್ನು ಹಿಡಿಯುವಾಗಲೂ ಅದೇ ಬಲ ಅದೇ ಕೈಯಲ್ಲಿರುತ್ತದೆ ಎಂಬುದು ಆ ಲೆಕ್ಕದಲ್ಲಿ ಬಿಟ್ಟುಹೋಯಿತು. ವಿಚಾರಣೆಯಿಲ್ಲದೆ ಬಂಧಿಸುವ ಕಾಯ್ದೆಗಳು ಇಂದಿಗೂ ನಮ್ಮಲ್ಲಿವೆ, ಅವುಗಳ ಆದೇಶಗಳಿಗೆ ಸಹಿ ಹಾಕುವ ತರುಣ ಅಧಿಕಾರಿಗಳೂ ಇದ್ದಾರೆ. ನವೆಂಬರ್ 30ರಂದು ಅವರು ರಾಯರನ್ನು ನೆನೆಯಲಿ. ಸಹಿಗೆ ಮೊದಲು ಕಡತವನ್ನು ಒಮ್ಮೆ ತೆರೆದು ಓದಲಿ.